ನೆನಪು ಯಾರದು?

ಪುನರ್ಜನ್ಮದ ಸಿನಿಮಾ ಎಂದರೆ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಮೋಹ. ಈ ಮೋಹ ಅಜ್ಜಿಯಿಂದ ಬಂದ ಬಳುವಳಿ. ಅರಕಲಗೂಡಿನಲ್ಲಿ ನಾವಿದ್ದಾಗ ಟೆಂಟಿಗೆ ಅಂಥ ಚಿತ್ರ ಬಂದರೆ ಅಜ್ಜಿ ತಪ್ಪಿಸುತ್ತಿರಲಿಲ್ಲ. ಅವಳ ಸೆರಗು ಹಿಡಿದು ಹೊರಡುವ ನಾನೂ ತಪ್ಪಿಸುತ್ತಿರಲಿಲ್ಲ. ರಾಜ್‌ಕುಮಾರ್, ಆರತಿ ನಟಿಸಿದ 1976ರ ‘ರಾಜ ನನ್ನ ರಾಜ’ವನ್ನು ಹೆಂಗಸರ ಕಡೆಯ ನೆಲದಲ್ಲಿ ಕೂತು ನೋಡಿದ್ದು ನನಗೆ ಮಸುಕು ಮಸುಕಾಗಿ ನೆನಪಿದೆ. ಮುಂದೆ ಶಂಕರ್‌ನಾಗ್ ನಿರ್ದೇಶಿಸಿದ, ಅನಂತ್‌ನಾಗ್ ಅಭಿನಯದ 1980ರ ‘ಜನ್ಮ ಜನ್ಮದ ಅನುಬಂಧ’ ಬಂತು. ಇಳಯರಾಜಾ ಸಂಗೀತದಲ್ಲಿ ಎಸ್. ಜಾನಕಿಯವರು ಹಾಡಿದ ಆ ಹಾಡು ರೇಡಿಯೋದಲ್ಲಿ ಕೇಳಿಬಂದರೆ ಇಂದಿಗೂ ಒಲೆಯ ಮೇಲಿನ ಹಾಲನ್ನು ಮರೆಯುತ್ತೇನೆ.

ಒಮ್ಮೆ ಅಂಥದೊಂದು ಚಿತ್ರ ನೋಡಿಕೊಂಡು ಕತ್ತಲಲ್ಲಿ ಮನೆಗೆ ನಡೆದು ಬರುವಾಗ ಅಮ್ಮ, “ಏಳೇಳು ಜನ್ಮಕ್ಕೂ ಒಬ್ಬನೇ ಗಂಡ ಅಂದ್ರೆ ಎಂಥ ಪುಣ್ಯ ಅಲ್ವೇನತ್ತೆ?” ಎಂದಳು. ಅಜ್ಜಿ ಸ್ವಲ್ಪ ದೂರ ಸುಮ್ಮನೆ ನಡೆದು, “ಪುಣ್ಯವೋ ಏನೋ. ಭೀಮನ ಅಮಾವಾಸ್ಯೆ ದಿನ ಪೂಜೆ ಮಾಡಿ ಬೇಡಿಕೊಳ್ಳೋದು ನಾವು. ನಿಮಗೆ ಬೇಕೇನ್ರಮ್ಮ ಅಂತ ಯಾರು ಕೇಳಿದಾರೆ?” ಎಂದಳು. ತಾತ ಬಲು ಕೋಪಿಷ್ಠರು ಎಂಬುದು ಮನೆಮಂದಿಗೆಲ್ಲ ಗೊತ್ತಿದ್ದ ವಿಷಯ. ಅಮ್ಮ ಮಾತು ಬದಲಾಯಿಸಿದಳು. ಅಜ್ಜಿಯ ಆ ಮಾತು ನನಗೆ ಅರ್ಥವಾಗಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಅರ್ಥ ಮಾಡಿಸಿದವಳು ನನ್ನ ಮಗಳು. ‘ಮಗಧೀರ’ ತೆಲುಗು ಚಿತ್ರ ಬಂದದ್ದು 2009ರ ಜುಲೈ ಕೊನೆಯಲ್ಲಿ. ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿಯವರು ಅದರ ನಿರ್ದೇಶಕರು. ನಾವದನ್ನು ನೋಡಿದ್ದು ಆಮೇಲೆ, ಮನೆಯ ಟಿ.ವಿ.ಯಲ್ಲಿ. ಮಗಳಿಗೆ ಆಗ ಹತ್ತು ವರ್ಷ. ತೆಲುಗು ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಆದರೆ ಇಂಥ ಕತೆಗೆ ಭಾಷೆ ಯಾಕೆ ಬೇಕು?

ಕತೆ ನಿಮಗೂ ಗೊತ್ತಿರಬಹುದು. ಹೈದರಾಬಾದಿನಲ್ಲಿ ಬೈಕ್ ಓಡಿಸಿಕೊಂಡು ಪಂದ್ಯ ಕಟ್ಟುವ ಹರ್ಷ. ಮಳೆಯಲ್ಲಿ ಆಟೋದಲ್ಲಿ ಹೋಗುತ್ತಿರುವಾಗ ಹೊರಗಿದ್ದ ಒಬ್ಬ ಹುಡುಗಿಯ ಕೈ ಅವನ ಕೈಗೆ ಸೋಕುತ್ತದೆ. ಮೈಯೆಲ್ಲ ಮಿಂಚು. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಆ ಕೈಯನ್ನೇ ಹುಡುಕಿಕೊಂಡು ಹೊರಡುತ್ತಾನೆ. ಕತೆ ಅಲ್ಲಿಂದ ನಾನೂರು ವರ್ಷ ಹಿಂದಕ್ಕೆ, 1609ರ ಉದಯಗಢಕ್ಕೆ ಹೋಗುತ್ತದೆ. ಅಲ್ಲಿ ಅವನು ಕಾಲಭೈರವ ಎಂಬ ಯೋಧ, ಆ ಹುಡುಗಿ ಮಿತ್ರವಿಂದಾ ಎಂಬ ರಾಜಕುಮಾರಿ. ಅವನ ಮನಸ್ಸಿನಲ್ಲಿ ಪ್ರೀತಿ ಇದೆ, ಬಾಯಲ್ಲಿ ಇಲ್ಲ. ಹೇಳು, ಒಂದು ಮಾತು ಹೇಳು ಎಂದು ಅವಳು ಅಂಗಲಾಚುತ್ತಾಳೆ. ಪ್ರಪಾತದ ಅಂಚಿನಲ್ಲಿ ಅವಳು ಜಾರಿ ಬೀಳುವಾಗ ಅವನೂ ಅವಳ ಹಿಂದೆಯೇ ಧುಮುಕುತ್ತಾನೆ.

ಚಿತ್ರ ಚೆನ್ನಾಗಿಲ್ಲ ಎಂದು ನಾನು ಹೇಳುವುದಿಲ್ಲ. ನೂರು ಜನರ ಜೊತೆ ಅವನೊಬ್ಬನೇ ಸೆಣಸುವ ದೃಶ್ಯವನ್ನು ನಾನೂ ಬಾಯಿ ಬಿಟ್ಟುಕೊಂಡೇ ನೋಡಿದೆ. ಆ ಧುಮುಕುವುದು ಇದೆಯಲ್ಲ, ಅದಕ್ಕಂತೂ ಕಣ್ಣಲ್ಲಿ ನೀರು ಬಂತು. ಅದಕ್ಕೊಂದು ಕಾರಣವಿದೆ. ನಮ್ಮ ಹಾಸನ ಸೀಮೆಯ ಹಳ್ಳಿಗಳಲ್ಲಿ ಓಡಾಡಿದವರು ಮಾಸ್ತಿಕಲ್ಲುಗಳನ್ನು ನೋಡಿರುತ್ತೀರಿ. ಬಳೆ ತೊಟ್ಟ ಒಂದು ಕೈ ಮೇಲೆತ್ತಿ ನಿಂತಿರುತ್ತದೆ. ಸತ್ತ ಗಂಡನ ಹಿಂದೆ ಚಿತೆ ಏರಿದವಳ ಗುರುತು ಅದು. ಹೆಂಡತಿಯ ಹಿಂದೆ ಹೋದ ಗಂಡನ ಕಲ್ಲನ್ನು ನಾನು ಇದುವರೆಗೆ ಎಲ್ಲೂ ನೋಡಿಲ್ಲ. ಸಿನಿಮಾದಲ್ಲಾದರೂ ಒಬ್ಬ ಗಂಡಸು ಹಿಂದೆ ಹೋದನಲ್ಲ ಎಂದು ನನ್ನ ಮನಸ್ಸು ತುಂಬಿತು.

ನಾನು ಹೀಗೆ ಕಣ್ಣೊರೆಸಿಕೊಳ್ಳುತ್ತಿದ್ದಾಗ ಮಗಳು ಕೇಳಿದಳು: “ಅಮ್ಮಾ, ಅವನಿಗೆ ಎಲ್ಲಾ ನೆನಪಿಗೆ ಬಂತು. ಅವಳಿಗೆ ಯಾಕೆ ಏನೂ ನೆನಪಿಲ್ಲ?”

ನಾನು, “ಬರುತ್ತೆ ಇರು” ಎಂದೆ. ಚಿತ್ರ ಮುಗಿಯುವ ಹೊತ್ತಿಗೆ ಇಂದುವಿಗೂ ನೆನಪು ಬರುತ್ತದೆ, ಅದು ನಿಜ. ಆದರೆ ಕತೆ ನಡೆಸುವ ನೆನಪು ಅವಳದಲ್ಲ. ಅವನಿಗೆ ಎಲ್ಲವೂ ತಿಳಿದ ಮೇಲೆ, ಅವನು ಹೋರಾಡಿ ಗೆದ್ದ ಮೇಲೆ, ಅವಳ ನೆನಪು ಒಂದು ಮೊಹರಿನ ಹಾಗೆ ಬಂದು ಬೀಳುತ್ತದೆ. ಅರ್ಜಿ ಅವನದು, ತೀರ್ಪೂ ಅವನದು. ಅವಳು ಕೊನೆಯಲ್ಲಿ ಸಹಿ ಹಾಕುತ್ತಾಳೆ.

ಅಂದಿನಿಂದ ಆ ಪ್ರಶ್ನೆ ಹಿಡಿದುಕೊಂಡು ಹಳೆಯ ಚಿತ್ರಗಳನ್ನೆಲ್ಲ ಇನ್ನೊಮ್ಮೆ ನೋಡಿದೆ. ಬಿಮಲ್ ರಾಯ್ ಅವರ 1958ರ ‘ಮಧುಮತಿ’ ಈ ಬಗೆಯ ಚಿತ್ರಗಳಿಗೆಲ್ಲ ಹಿರಿಯಕ್ಕನಿದ್ದಂತೆ. ಮಳೆಯ ರಾತ್ರಿ ಹಳೆಯ ಬಂಗಲೆಗೆ ಬಂದ ದಿಲೀಪ್ ಕುಮಾರ್‌ಗೆ ಹಿಂದಿನ ಜನ್ಮ ನೆನಪಾಗುತ್ತದೆ. ಇಡೀ ಕತೆಯನ್ನು ಹೇಳುವವನು ಅವನು. ಕೊನೆಯಲ್ಲಿ ರೈಲಿನಿಂದ ಹೆಂಡತಿ ವೈಜಯಂತಿಮಾಲಾ ಕೂಸಿನೊಂದಿಗೆ ಸಿಗುತ್ತಾಳೆ. ನಾವು ಜನ್ಮಜನ್ಮದ ಜೊತೆಗಾರರು ಎಂದು ಅವನು ಹೇಳುತ್ತಾನೆ, ಅವಳು ಕೇಳುತ್ತಾಳೆ. ಆದುರ್ತಿ ಸುಬ್ಬರಾವ್ ಅವರು 1964ರಲ್ಲಿ ತೆಲುಗಿನಲ್ಲಿ ‘ಮೂಗ ಮನಸುಲು’ ಎಂದೂ 1967ರಲ್ಲಿ ಹಿಂದಿಯಲ್ಲಿ ‘ಮಿಲನ್’ ಎಂದೂ ತೆಗೆದ ಕತೆಯಲ್ಲಿ ಹೊಸದಾಗಿ ಮದುವೆಯಾದ ಜೋಡಿ ದೋಣಿಯಲ್ಲಿ ಹೊಳೆ ದಾಟುತ್ತಿರುತ್ತದೆ. ಅಲ್ಲೂ ಸುಳಿ ಕಂಡು ಬೆಚ್ಚುವವನು ಗಂಡನೇ. ಫರಾ ಖಾನ್ ಎಂಬ ಹೆಂಗಸೇ ನಿರ್ದೇಶಿಸಿದ 2007ರ ‘ಓಂ ಶಾಂತಿ ಓಂ’ನಲ್ಲಂತೂ ನಾಯಕ ಮರುಹುಟ್ಟು ಪಡೆದು ಎಲ್ಲವನ್ನೂ ನೆನೆಸಿಕೊಳ್ಳುತ್ತಾನೆ, ಸತ್ತ ನಾಯಕಿಗೆ ಮರುಹುಟ್ಟೇ ಇಲ್ಲ, ದೆವ್ವವಾಗಿ ಬಂದು ಹೋಗುತ್ತಾಳೆ. ಅವಳ ಹೋಲಿಕೆಯ ಇನ್ನೊಬ್ಬ ಹುಡುಗಿ ಸಿಕ್ಕಿದರೆ ಸಾಕಾಯಿತು.

ಬೇರೆ ಬಗೆಯ ಚಿತ್ರಗಳೂ ಇದ್ದಾವು. ಆದರೆ ಜನ ತಲೆಯ ಮೇಲೆ ಹೊತ್ತು ಮೆರೆಸಿದ ಈ ದೊಡ್ಡ ಚಿತ್ರಗಳಲ್ಲಿ ನೆನಪು ಗಂಡಸಿನ ಆಸ್ತಿ. ಹೆಂಗಸು ಆ ಆಸ್ತಿಯಲ್ಲಿ ಸೇರಿದ ಒಂದು ವಸ್ತು. ‘ನಿನಗೆ ಗೊತ್ತಿಲ್ಲ, ನನಗೆ ಗೊತ್ತಿದೆ, ನೀನು ನನ್ನವಳು’ ಎಂಬುದು ಈ ಪ್ರೇಮದ ವ್ಯಾಕರಣ. ಸಿನಿಮಾ ತಾನೇ, ಇಷ್ಟೊಂದು ಯಾಕೆ ಕೆದಕುತ್ತೀರಿ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಈ ವ್ಯಾಕರಣದ ಒಂದು ಕಾಗದ ಒಮ್ಮೆ ನನ್ನ ಕೈಗೇ ಬಂದಿತ್ತು.

1998ರ ಮಾತು. ನಾನಾಗ ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದೆ. ಹತ್ತನೇ ತರಗತಿಯ ಒಬ್ಬ ಹುಡುಗಿ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತರಗತಿಗೆ ಮೊದಲನೆಯವಳಲ್ಲ, ಕೊನೆಯವಳೂ ಅಲ್ಲ. ಒಂದು ದಿನ ಬೆಲ್ ಹೊಡೆದ ಮೇಲೆ ಹಿಂದೆ ಉಳಿದು, ಕಂಪಾಸ್ ಬಾಕ್ಸಿನಿಂದ ಎಂಟು ಮಡಿಕೆ ಮಾಡಿದ ಕಾಗದ ತೆಗೆದು ನನ್ನ ಕೈಗಿಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ದಿನಾ ನಿಲ್ಲುತ್ತಿದ್ದ ಯಾರೋ ಹುಡುಗ ಬರೆದದ್ದು. ಹೋದ ಜನ್ಮದಲ್ಲಿ ಅವಳು ಅವನ ಹೆಂಡತಿಯಾಗಿದ್ದಳಂತೆ, ಅವಳಿಗೆ ಮರೆತುಹೋಗಿದೆಯಂತೆ, ಅವನಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆಯಂತೆ. ಒಪ್ಪದಿದ್ದರೆ ಹೊಳೆಗೆ ಹಾರುತ್ತೇನೆ ಎಂದೂ ಇತ್ತು. ಹೇಮಾವತಿ ಹತ್ತಿರದಲ್ಲೇ ಇದ್ದಾಳಲ್ಲ.

ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ನಾವು ನಾಲ್ಕು ಜನ ನಕ್ಕೆವು. ಕಾಗುಣಿತದ ತಪ್ಪುಗಳನ್ನು ಎಣಿಸಿದೆವು. ಆಮೇಲೆ ಜವಾಬ್ದಾರಿಯ ಮುಖ ಮಾಡಿಕೊಂಡು ನಾನೇ ಅವಳ ತಂದೆಗೆ ಹೇಳಿಕಳಿಸಿದೆ. ಅವರು ಬಂದು ಕಾಗದ ನೋಡಿದರು, ಒಂದು ಮಾತೂ ಆಡದೆ ಮಡಿಸಿ ಜೇಬಿಗಿಟ್ಟುಕೊಂಡರು. ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಪರೀಕ್ಷೆಗೆ ಹಾಲ್ ಟಿಕೆಟ್ ಬಂತು, ಅದನ್ನು ತೆಗೆದುಕೊಳ್ಳಲೂ ಬರಲಿಲ್ಲ. ಅದೇ ವರ್ಷ ಸಂಬಂಧದಲ್ಲೇ ಮದುವೆ ಮಾಡಿದರು ಎಂದು ಗೊತ್ತಾಯಿತು. ಕಾಗದ ಬರೆದ ಹುಡುಗ ಯಾವ ಹೊಳೆಗೂ ಹಾರಲಿಲ್ಲ.

ಹನ್ನೆರಡು ವರ್ಷದ ಮೇಲೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ನನ್ನನ್ನು ಗುರುತಿಸಿ ಮಾತನಾಡಿಸಿದಳು. ಪಕ್ಕದಲ್ಲಿ ಇಬ್ಬರು ಮಕ್ಕಳು. “ಚೆನ್ನಾಗಿದೀನಿ ಮೇಡಂ” ಎಂದಳು. ನನಗೆ ತಡೆಯಲಾಗದೆ, “ಅವತ್ತು ನಿಮ್ಮ ತಂದೆಗೆ ಹೇಳಿದ್ದು ತಪ್ಪಾಯ್ತು ಕಣಮ್ಮ” ಎಂದೆ. ಅವಳು ಮಗುವಿನ ಮೂಗು ಒರೆಸುತ್ತಾ, “ಹೋಗ್ಲಿ ಬಿಡಿ ಮೇಡಂ. ಅವನಿಗೆ ಹೆಂಗೆ ಇಲ್ಲ ಅನ್ನಬೇಕು ಅಂತ ಕೇಳಕ್ಕೆ ನಾನು ನಿಮಗೆ ಕೊಟ್ಟಿದ್ದೆ” ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.

ಅವನು ತನ್ನ ನೆನಪು ಹೇಳಿದ. ಅವಳ ತಂದೆ ಮರ್ಯಾದೆಯ ತೀರ್ಮಾನ ಹೇಳಿದರು. ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ನಿನಗೇನು ಬೇಕು ಎಂದು ಮೂವರಲ್ಲಿ ಒಬ್ಬರೂ ಅವಳನ್ನು ಕೇಳಲಿಲ್ಲ. ಅಜ್ಜಿಯ ಮಾತು ನೆನಪಾದದ್ದು ಆಗ.

ಇದಾದ ಮೇಲೆ ಬಿ.ಎ.ಯಲ್ಲಿ ಐಚ್ಛಿಕ ಕನ್ನಡಕ್ಕೆಂದು ಅರೆಮನಸ್ಸಿನಿಂದ ಓದಿದ್ದ ಹಳೆಯ ಕಾವ್ಯಗಳ ಕಡೆಗೆ ತಿರುಗಿದೆ. ಆಗ ನಾನು ಈಗಿರುವ ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಬಂದಿದ್ದೆ. ಶ್ರವಣಬೆಳಗೊಳ ಇದೇ ತಾಲ್ಲೂಕಿನದು. ನೆಂಟರು ಬಂದಾಗಲೆಲ್ಲ ಬೆಟ್ಟ ಹತ್ತಿಸುವುದು ನನ್ನ ಪಾಲಿನ ಕೆಲಸ. ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಗೊಮ್ಮಟನನ್ನು ನೋಡಿ, ಇವನು ಭರತನ ತಮ್ಮ, ವೃಷಭನಾಥನ ಮಗ ಎಂದು ಹೇಳುತ್ತೇವೆ. ಆದರೆ ಆ ವೃಷಭನಾಥನ ಹಿಂದಿನ ಜನ್ಮಗಳಲ್ಲಿ ಒಂದು ಅಪೂರ್ವ ಪ್ರೇಮಕತೆ ಇದೆ ಎಂಬುದು ಬೆಟ್ಟ ಹತ್ತಿದವರಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊಮ್ಮಟ ನಿಲ್ಲುವುದಕ್ಕೆ ನಲವತ್ತು ವರ್ಷ ಮೊದಲು, 941ರಲ್ಲಿ, ಪಂಪ ಅದನ್ನು ‘ಆದಿಪುರಾಣ’ದಲ್ಲಿ ಕನ್ನಡಕ್ಕೆ ತಂದ.

ಸ್ವರ್ಗದಲ್ಲಿ ಲಲಿತಾಂಗ ಎಂಬ ದೇವ, ಅವನ ಪ್ರಿಯೆ ಸ್ವಯಂಪ್ರಭೆ. ದೇವರಿಗೂ ಆಯುಷ್ಯ ಮುಗಿಯುತ್ತದೆ. ಕೊರಳ ಹೂಮಾಲೆ ಬಾಡತೊಡಗಿದರೆ ಕಾಲ ಬಂತೆಂದು ಅರ್ಥ. ಅವನು ಹೋಗುತ್ತಾನೆ. ಅವಳು ಶೋಕದಲ್ಲಿ ದಿನ ಕಳೆದು ತಾನೂ ಹೋಗಿ, ಪುಂಡರೀಕಿಣಿ ಎಂಬ ಪಟ್ಟಣದಲ್ಲಿ ಚಕ್ರವರ್ತಿಯ ಮಗಳು ಶ್ರೀಮತಿಯಾಗಿ ಹುಟ್ಟುತ್ತಾಳೆ. ಒಂದು ದಿನ ಆಕಾಶದಲ್ಲಿ ದೇವತೆಗಳು ಬರುವುದನ್ನು ಕಂಡು ಅವಳಿಗೆ ಹಿಂದಿನದೆಲ್ಲ ನೆನಪಾಗಿ ಮೂರ್ಛೆ ಹೋಗುತ್ತಾಳೆ. ಗಮನಿಸಿ: ಇಲ್ಲಿ ಮೊದಲು ನೆನಪಾಗುವುದು ಅವಳಿಗೆ. ಎಚ್ಚರವಾದ ಮೇಲೆ ಯಾರೊಡನೆಯೂ ಮಾತಿಲ್ಲ. ಕೊನೆಗೆ ಪಂಡಿತೆ ಎಂಬ ದಾದಿಯೊಬ್ಬಳಿಗೆ ಮನಸ್ಸು ಬಿಚ್ಚಿ ಹೇಳಿ, ಹಿಂದಿನ ಜನ್ಮದ ಚಿತ್ರಪಟವೊಂದನ್ನು ತಾನೇ ಬರೆದು ಕೊಡುತ್ತಾಳೆ. ಕೆಲವನ್ನು ಬೇಕೆಂದೇ ಗುಟ್ಟಾಗಿ ಇಡುತ್ತಾಳೆ. ದಾದಿ ಆ ಪಟವನ್ನು ಜಿನಾಲಯದಲ್ಲಿ ಹರಡಿ ಕೂರುತ್ತಾಳೆ. ರಾಜಕುಮಾರಿಯ ಆಸೆಗೆ ನಾನೇ ಆ ಲಲಿತಾಂಗ ಎಂದು ಬರುವ ಮೋಸಗಾರರಿಗೇನು ಕೊರತೆ? ಪಂಡಿತೆ ಒಂದೊಂದೇ ಕೇಳುತ್ತಾಳೆ. ಗುಟ್ಟು ಗೊತ್ತಿಲ್ಲದವರು ಮುಖ ಕೆಳಗೆ ಹಾಕಿಕೊಂಡು ಹೋಗುತ್ತಾರೆ. ಆಮೇಲೆ ಬಂದ ವಜ್ರಜಂಘ ಮಾತ್ರ ಪಟ ನೋಡಿ ತಾನೇ ಮೂರ್ಛೆ ಬೀಳುತ್ತಾನೆ.

ಇದನ್ನು ಎರಡನೆಯ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾವಿರ ವರ್ಷದ ಹಿಂದೆಯೇ ನಮ್ಮ ಕನ್ನಡದಲ್ಲಿ ನೆನಪು ಹೆಣ್ಣಿನದಾಗಿತ್ತು, ಪ್ರಶ್ನೆಪತ್ರಿಕೆಯೂ ಅವಳದಾಗಿತ್ತು. ‘ನಾನು ನಿನ್ನ ಗಂಡನಾಗಿದ್ದೆ’ ಎಂದು ಬಂದವನು ಅವಳಿಟ್ಟ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಸುಳ್ಳು ಹೇಳುವವರೂ ಬರುತ್ತಾರೆ ಎಂಬ ಎಚ್ಚರ ಆ ಕವಿಗಳಿಗಿತ್ತು. ಬಸ್‌ಸ್ಟ್ಯಾಂಡಿನ ಹುಡುಗನ ಕಾಗದ ನನ್ನ ಕೈಗೆ ಬಂದಾಗ ನಾನು ಆ ಹುಡುಗಿಗೆ ದಾದಿ ಪಂಡಿತೆಯಾಗಬಹುದಿತ್ತು. ಅವಳ ಪರವಾಗಿ ನಿಂತು ಪ್ರಶ್ನೆ ಕೇಳಬಹುದಿತ್ತು. ಆಗಲಿಲ್ಲ.

ಹಾಗಾದರೆ ಏನೂ ನೆನಪಿಲ್ಲದವಳ ಗತಿ ಏನು? ಅದಕ್ಕೂ ನಮ್ಮಲ್ಲಿ ಕತೆಯಿದೆ. ಬಾಣಭಟ್ಟನ ‘ಕಾದಂಬರಿ’ಯನ್ನು ನಾಗವರ್ಮ ಸುಮಾರು ಸಾವಿರ ವರ್ಷದ ಹಿಂದೆ ‘ಕರ್ಣಾಟಕ ಕಾದಂಬರಿ’ಯಾಗಿ ಹಾಡಿದ. ಅದರಲ್ಲಿ ಮಹಾಶ್ವೇತೆ ಎಂಬ ಗಂಧರ್ವ ಕನ್ಯೆ. ಅವಳು ಪ್ರೀತಿಸಿದ ಪುಂಡರೀಕ ವಿರಹದಲ್ಲಿ ಸಾಯುತ್ತಾನೆ. ಅವನು ಮರಳಿ ಸಿಗುತ್ತಾನೆಂಬ ಮಾತು ನಂಬಿ ಅವಳು ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿಯಾಗಿ ಕಾಯುತ್ತಾಳೆ. ಪುಂಡರೀಕ ವೈಶಂಪಾಯನ ಎಂಬ ಹೆಸರಿನಲ್ಲಿ ಮತ್ತೆ ಹುಟ್ಟಿ ಅಲ್ಲಿಗೇ ಬರುತ್ತಾನೆ. ತನಗೇ ಅರ್ಥವಾಗದ ಸೆಳೆತದಲ್ಲಿ ಅವಳನ್ನು ದಿಟ್ಟಿಸುತ್ತಾನೆ, ಬಿಡದೆ ಕಾಡುತ್ತಾನೆ. ಅವಳಿಗೆ ಗುರುತು ಹತ್ತುವುದಿಲ್ಲ. ಗಿಣಿಯಂತೆ ಹಲುಬುತ್ತಿದ್ದೀ, ಗಿಣಿಯಾಗು ಎಂದು ಶಾಪ ಕೊಡುತ್ತಾಳೆ!

ಒಂದು ಕ್ಷಣ ಯೋಚಿಸಿ ನೋಡಿ. ಅವನ ಹಕ್ಕು ಸುಳ್ಳಲ್ಲ. ನಿಜವಾಗಿಯೂ ಹಿಂದಿನ ಜನ್ಮದ ಪ್ರಿಯನೇ ಅವನು. ಆದರೂ ಈ ಜನ್ಮದಲ್ಲಿ ಪರಿಚಯವಿಲ್ಲದವನಾಗಿ ಬಂದು ಮೇಲೆ ಬಿದ್ದರೆ ಬೇಡ ಎನ್ನುವ ಅಧಿಕಾರ ಅವಳಿಗಿದೆ. ಆಮೇಲೆ ನಿಜ ತಿಳಿದು ಅವಳು ಮರುಗುತ್ತಾಳೆ, ಅದು ಬೇರೆ ಮಾತು. ಬೇಡ ಎಂದ ತಪ್ಪಿಗೆ ಕತೆ ಅವಳಿಂದ ಪ್ರೇಮವನ್ನು ಕಿತ್ತುಕೊಳ್ಳುವುದಿಲ್ಲ. ಕೊನೆಯಲ್ಲಿ ಇಬ್ಬರೂ ಸೇರುತ್ತಾರೆ. ಇಂಥದೊಂದು ದೃಶ್ಯವನ್ನು ನಮ್ಮ ಯಾವುದಾದರೂ ದೊಡ್ಡ ಚಿತ್ರ ಇಟ್ಟಿದ್ದರೆ! ಹರ್ಷನ ಕೈ ಸೋಕಿದಾಗ ಇಂದು, “ಯಾರಯ್ಯ ನೀನು? ದೂರ ನಿಲ್ಲು” ಎಂದು ಗದರಿ, ಅವನು ದೂರ ನಿಂತು ಕಾದಿದ್ದರೆ ಚಿತ್ರ ಇನ್ನೂ ದೊಡ್ಡದಾಗುತ್ತಿತ್ತು ಎಂದು ನನಗನ್ನಿಸುತ್ತದೆ. ಕಾಯುವುದು ಗೊತ್ತಿಲ್ಲದ ಪ್ರೀತಿ ನಾನೂರು ವರ್ಷ ಬಾಳಿತು ಎಂದರೆ ನಂಬುವುದು ಹೇಗೆ?

ಇಷ್ಟೆಲ್ಲ ಹೇಳಿದ್ದರಿಂದ ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಕಾಗೆ ಬಂಗಾರ ಎಂದು ನಾನು ಹೇಳಿದೆನೆಂದು ತಿಳಿಯಬೇಡಿ. ಮಾಸ್ತಿಕಲ್ಲುಗಳೂ ಆ ಹಳೆಯ ಕಾಲದವೇ. ಆದರೆ ಪಂಪನ ಕತೆಯ ಕೊನೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ವಜ್ರಜಂಘ ಶ್ರೀಮತಿಯರು ಒಟ್ಟಿಗೆ ಬಾಳುತ್ತಾರೆ. ಒಂದು ರಾತ್ರಿ ಕಿಟಕಿ ಮುಚ್ಚಿದ ಶಯ್ಯಾಗೃಹದಲ್ಲಿ ಧೂಪದ ಹೊಗೆ ತುಂಬಿ ಒಟ್ಟಿಗೆ ಸಾಯುತ್ತಾರೆ. ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಮತ್ತೆ ಹಲವು ಜನ್ಮಗಳು ಕಳೆದು ಅವನು ವೃಷಭನಾಥನಾಗುತ್ತಾನೆ, ಅವಳು ಶ್ರೇಯಾಂಸ ಎಂಬ ರಾಜಕುಮಾರನಾಗಿ ಹುಟ್ಟುತ್ತಾಳೆ. ವೃಷಭನಾಥ ಎಲ್ಲ ಬಿಟ್ಟು ತಪಸ್ಸಿಗೆ ನಿಂತ ಮೇಲೆ ಆಹಾರಕ್ಕೆಂದು ಊರೂರು ತಿರುಗುತ್ತಾನೆ. ಮುನಿಗೆ ಹೇಗೆ ಉಣಬಡಿಸಬೇಕೆಂದು ಯಾರಿಗೂ ಗೊತ್ತಿಲ್ಲ. ಒಬ್ಬರು ಚಿನ್ನ ತರುತ್ತಾರೆ, ಒಬ್ಬರು ಕುದುರೆ ತರುತ್ತಾರೆ. ಶ್ರೇಯಾಂಸನಿಗೆ ಮಾತ್ರ ತಾನು ಶ್ರೀಮತಿಯಾಗಿದ್ದಾಗ ಗಂಡನ ಜೊತೆ ಮುನಿಗಳಿಗೆ ಉಣಬಡಿಸಿದ್ದು ನೆನಪಾಗುತ್ತದೆ. ಬೊಗಸೆಗೆ ಕಬ್ಬಿನ ಹಾಲು ಹೊಯ್ಯುತ್ತಾನೆ. ಜೈನರು ಅಕ್ಷಯ ತದಿಗೆಯನ್ನು ಆ ದಿನವೆಂದು ಆಚರಿಸುತ್ತಾರೆ. ನೀನು ನನ್ನವನು ಎಂದು ಹೇಳಿಸಿದ ನೆನಪೇ ಕೊನೆಗೆ, ಹಸಿದವನಿಗೆ ಏನು ಬೇಕು ಎಂದು ತಿಳಿಸಿತು.

ಈಗಲೂ ಪಾಠದ ನಡುವೆ ಸಿನಿಮಾದ ಮಾತು ಬರುತ್ತದೆ. ಹೆಣ್ಣುಮಕ್ಕಳ ಕೈಯಲ್ಲಿ ಕಾಗದದ ಬದಲು ಮೊಬೈಲ್ ಇದೆ. ಅದರಲ್ಲೂ ಜನ್ಮಜನ್ಮದ ಮಾತು ಬರುವುದು ನಿಂತಿಲ್ಲ. ಹೋದ ವರ್ಷ ಒಂಬತ್ತನೇ ತರಗತಿಗೆ ಶ್ರೀಮತಿಯ ಚಿತ್ರಪಟದ ಕತೆ ಹೇಳಿ, “ನೀವಾಗಿದ್ದರೆ ಯಾವ ಗುಟ್ಟು ಮುಚ್ಚಿಡುತ್ತಿದ್ದಿರಿ?” ಎಂದು ಕೇಳಿದೆ. “ನಮ್ಮನೆ ಎಮ್ಮೆ ಹೆಸರು” ಎಂದಳು ಒಬ್ಬಳು. ಎಲ್ಲರೂ ನಕ್ಕರು. ಹಿಂದಿನ ಬೆಂಚಿನಿಂದ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

“ಮೇಡಂ, ಅವನು ಎಲ್ಲಾ ಸರಿಯಾಗಿ ಹೇಳಿಬಿಟ್ರೂ ಅವಳು ಒಪ್ಪಲೇಬೇಕು ಅಂತೇನಿಲ್ಲ, ಅಲ್ವಾ?”

“ಇಲ್ಲ ಕಣೆ” ಎಂದೆ. “ಕೂತ್ಕೋ.”